ಕಾಗದ ಮಾಡುವವರು, ಬೀಟ್ ಅಗೆಯುವವರು, ಅಪರಾಧಿಗಳು: ಅಮೆರಿಕದ ಹೈಸ್ಕೂಲ್ ತಂಡಗಳಿಗೆ ಈ ಹೆಸರುಗಳು ಬಂದದ್ದು ಹೇಗೆ?

ಆಗಸ್ಟ್ ಕೊನೆಯ ಹೊತ್ತಿಗೆ ಅಮೆರಿಕದ ಹೆಚ್ಚಿನ ಶಾಲೆಗಳು ತೆರೆದಿರುತ್ತವೆ. ಮಗನೋ ಮಗಳೋ ಅಲ್ಲಿ ನೆಲೆಸಿರುವ ಮನೆಗಳ ವಾಟ್ಸ್‌ಆ್ಯಪ್ ಗುಂಪಿಗೆ ಆ ದಿನಗಳಲ್ಲಿ ಒಂದು ಫೋಟೊ ಬರುವುದು ವಾಡಿಕೆಯಾಗಿದೆ: ಹೈಸ್ಕೂಲಿಗೆ ಸೇರಿದ ಮೊಮ್ಮಗಳು ಶಾಲೆಯ ತಂಡದ ಹೆಸರಿರುವ ಟೀ ಶರ್ಟ್ ತೊಟ್ಟು ಮನೆಯ ಮುಂದೆ ನಿಂತಿರುತ್ತಾಳೆ. ಶರ್ಟಿನ ಮೇಲೆ ಹುಲಿಯೋ ಹದ್ದೋ ಇದ್ದರೆ ಯಾರೂ ಏನನ್ನೂ ಕೇಳುವುದಿಲ್ಲ. ಆದರೆ ‘ಪೇಪರ್‌ಮೇಕರ್ಸ್’ ಎಂದೋ ‘ಚೀಸ್‌ಮೇಕರ್ಸ್’ ಎಂದೋ, ಎಲ್ಲಕ್ಕಿಂತ ಹೆಚ್ಚಾಗಿ ‘ಕ್ರಿಮಿನಲ್ಸ್’ ಎಂದೋ ಬರೆದಿದ್ದರೆ, ಮೈಸೂರಿನಲ್ಲಿ ಕುಳಿತ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದುತ್ತಾರೆ. ಇದೇನು ಶಾಲೆಯೋ ಕಾರ್ಖಾನೆಯೋ ಜೈಲೋ ಎಂಬ ಅವರ ಪ್ರಶ್ನೆ ಸಹಜವಾದದ್ದು. ಮುಂದೆ ನೋಡಲಿರುವಂತೆ, ಕೊನೆಯ ಹೆಸರಿನ ಮಟ್ಟಿಗೆ ಅದಕ್ಕೆ ‘ಒಂದು ಕಾಲಕ್ಕೆ ಎರಡೂ’ ಎಂಬುದೇ ಸರಿಯಾದ ಉತ್ತರ.

ಇಂಥ ಹೆಸರುಗಳನ್ನು ಬರಿಯ ತಮಾಷೆ ಎಂದು ನಕ್ಕು ಬಿಡಬಹುದು. ಆದರೆ ಒಂದೊಂದರ ಹಿಂದೆಯೂ ಆ ಊರು ಒಂದು ಕಾಲದಲ್ಲಿ ಯಾವ ದುಡಿಮೆಯಿಂದ ಬದುಕುತ್ತಿತ್ತು, ನೆರೆಯೂರಿನವರು ಅದನ್ನು ಏನೆಂದು ಹಂಗಿಸುತ್ತಿದ್ದರು, ಯಾವ ಕಥೆಯನ್ನು ಅದು ತನ್ನದೆಂದು ಹೇಳಿಕೊಳ್ಳುತ್ತಿತ್ತು ಎಂಬ ವಿವರ ಅಡಗಿರುತ್ತದೆ. ಎಷ್ಟೋ ಕಡೆ ದುಡಿಮೆ ಹೋಗಿದೆ, ಹೆಸರು ಮಾತ್ರ ಉಳಿದಿದೆ.

ಮ್ಯಾಸ್ಕಾಟ್ ಎಂದರೇನು?

ಮ್ಯಾಸ್ಕಾಟ್ ಎಂಬುದು ಫ್ರೆಂಚಿನಿಂದ ಬಂದ ಪದ. ದಕ್ಷಿಣ ಫ್ರಾನ್ಸಿನ ಆಡುಮಾತಿನಲ್ಲಿ ‘ಮಾಸ್ಕೊ’ ಎಂದರೆ ಮಾಟಗಾತಿ. ಅದರಿಂದ ಹುಟ್ಟಿದ ‘ಮಾಸ್ಕೋತ್’ ಎಂಬ ಪದಕ್ಕೆ ಮನೆಗೆ ಅದೃಷ್ಟ ತರುವ ವಸ್ತು ಅಥವಾ ವ್ಯಕ್ತಿ ಎಂಬ ಅರ್ಥ ಬಂತು. 1880ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡ ಒಂದು ಹಾಸ್ಯ ಗೀತನಾಟಕದಿಂದ ಪದ ಜನಪ್ರಿಯವಾಗಿ, ಇಂಗ್ಲಿಷಿಗೂ ದಾಟಿತು. ನಮ್ಮಲ್ಲಿ ಹೊಸ ಮನೆಗೆ ಬೂದುಗುಂಬಳ ಕಟ್ಟುವುದು ದೃಷ್ಟಿ ತಾಗದಿರಲೆಂದು. ಮ್ಯಾಸ್ಕಾಟ್ ಇರುವುದು ಗೆಲುವು ಒಲಿಯಲೆಂದು. ಎರಡರ ಹಿಂದಿನ ನಂಬಿಕೆ ಒಂದೇ ಬಗೆಯದು.

ಇಂದು ಈ ಒಂದೇ ಪದವನ್ನು ಮೂರು ಬೇರೆ ಸಂಗತಿಗಳಿಗೆ ಬಳಸುತ್ತಾರೆ. ಮೊದಲನೆಯದು ತಂಡದ ಹೆಸರು. ಎರಡನೆಯದು ಶರ್ಟಿನ ಮೇಲೂ ಆಟದಂಗಳದ ನೆಲದ ಮೇಲೂ ಬಿಡಿಸುವ ಚಿತ್ರ. ಮೂರನೆಯದು ದಪ್ಪನೆಯ ಸ್ಪಂಜಿನ ವೇಷ ಹಾಕಿಕೊಂಡು ಆಟದ ನಡುವೆ ಪ್ರೇಕ್ಷಕರನ್ನು ಹುರಿದುಂಬಿಸುವ ವೇಷಧಾರಿ ವಿದ್ಯಾರ್ಥಿ. ಹೆಸರು ‘ಆಲೂಗಡ್ಡೆ’ ಎಂದಿದ್ದರೆ ವೇಷವೂ ಆಲೂಗಡ್ಡೆಯದೇ ಆಗಿರುತ್ತದೆ, ಅದರೊಳಗೆ ಬೆವರುವ ಹುಡುಗನಿಗೆ ಬೇರೆ ದಾರಿಯಿಲ್ಲ.

ಅಲ್ಲಿನ ಹೈಸ್ಕೂಲ್ ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ, ಅಂದರೆ ನಮ್ಮ ಪ್ರೌಢಶಾಲೆಯ ಕೊನೆಯ ಎರಡು ವರ್ಷ ಮತ್ತು ಪಿಯುಸಿ ಸೇರಿದಂತೆ. ಸಣ್ಣ ಊರುಗಳಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಸಾರ್ವಜನಿಕ ಹೈಸ್ಕೂಲ್. ಅದಕ್ಕೆ ಹಣದ ಗಣನೀಯ ಪಾಲು ಊರಿನವರ ಆಸ್ತಿ ತೆರಿಗೆಯಿಂದ ಬರುತ್ತದೆ, ಅದನ್ನು ನಡೆಸುವ ಮಂಡಳಿಯನ್ನು ಊರಿನವರೇ ಚುನಾಯಿಸುತ್ತಾರೆ. ಶುಕ್ರವಾರ ಸಂಜೆ ದೀಪಗಳ ಬೆಳಕಿನಲ್ಲಿ ನಡೆಯುವ ಫುಟ್ಬಾಲ್ ಪಂದ್ಯಕ್ಕೆ, ಅಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕದ ಫುಟ್ಬಾಲಿಗೆ, ಮಕ್ಕಳಿಲ್ಲದವರೂ ಹೋಗುತ್ತಾರೆ. ನಮ್ಮ ಊರ ಜಾತ್ರೆಯಲ್ಲಿ ತೇರು ಎಳೆಯುವಾಗ ‘ನಮ್ಮೂರ ತೇರು’ ಎಂಬ ಅಭಿಮಾನ ಹೇಗೋ, ಅಲ್ಲಿ ‘ನಮ್ಮೂರ ತಂಡ’ ಎಂಬ ಅಭಿಮಾನ ಹಾಗೆ. ಆದ್ದರಿಂದ ತಂಡದ ಹೆಸರು ಶಾಲೆಗೆ ಮಾತ್ರ ಸೇರಿದ್ದಲ್ಲ, ಊರಿಗೇ ಸೇರಿದ್ದು.

ಹೆಸರಿಟ್ಟವರು ಯಾರು?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲಾ ತಂಡಗಳಿಗೆ ಪ್ರತ್ಯೇಕ ಹೆಸರು ಇರುತ್ತಿದ್ದುದು ಕಡಿಮೆ. ಅವನ್ನು ಅಂಗಿಯ ಬಣ್ಣದಿಂದ ಗುರುತಿಸುತ್ತಿದ್ದರು. ನಮ್ಮ ಶಾಲೆಗಳ ಕ್ರೀಡಾಕೂಟದಲ್ಲಿ ಇಂದಿಗೂ ‘ರೆಡ್ ಹೌಸ್’, ‘ಗ್ರೀನ್ ಹೌಸ್’ ಎನ್ನುವಂತೆ. ಆ ಪದ್ಧತಿಯ ಉಳಿಕೆಯೊಂದು ಹವಾಯಿಯ ಪುನಹೌ ಶಾಲೆಯಲ್ಲಿದೆ. ಬರಾಕ್ ಒಬಾಮ ಓದಿದ ಆ ಶಾಲೆಯ ತಂಡದ ಹೆಸರು ‘ಬಫನ್‌ಬ್ಲೂ’. ಅದು ಯಾವ ಪ್ರಾಣಿಯೂ ಅಲ್ಲ. ಶಾಲೆಯ ಬಣ್ಣಗಳಾದ ‘ಬಫ್ ಆ್ಯಂಡ್ ಬ್ಲೂ’, ಅಂದರೆ ಮಾಸಲು ಹಳದಿ ಮತ್ತು ನೀಲಿ, ಬಾಯಿಂದ ಬಾಯಿಗೆ ಸವೆದು ಒಂದೇ ಪದವಾಗಿದೆ.

ಹೆಸರುಗಳು ಹಬ್ಬಲು ಒಂದು ಮುಖ್ಯ ಕಾರಣ ಪತ್ರಿಕೆಗಳು. ಪಂದ್ಯದ ವರದಿಯಲ್ಲಿ ಊರಿನ ಹೆಸರನ್ನೇ ಹತ್ತು ಸಲ ಬರೆದರೆ ಓದುಗನಿಗೆ ಬೇಸರವಾಗುತ್ತದೆ. ವರದಿಗಾರನಿಗೆ ಇನ್ನೊಂದು ಪದ ಬೇಕು, ಅದು ತಲೆಬರಹದಲ್ಲಿ ಹಿಡಿಸಬೇಕು, ಕಿವಿಗೂ ಹಿತವಾಗಬೇಕು. ಹೀಗೆ ಅವಸರದಲ್ಲಿ ಬರೆದ ಒಂದು ಮಾತು ನೂರು ವರ್ಷ ಅಂಟಿಕೊಂಡದ್ದುಂಟು. ಇಲಿನಾಯ್ ರಾಜ್ಯದ ಸೆಂಟ್ರೇಲಿಯ ಹೈಸ್ಕೂಲಿನ ತಂಡದ ಹೆಸರು ‘ಆರ್ಫನ್ಸ್’, ಅಂದರೆ ಅನಾಥರು. ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯೊಂದಕ್ಕೆ ಹುಡುಗರು ಹಳೆಯ, ಅಂದಗೆಟ್ಟ ಅಂಗಿಗಳಲ್ಲಿ ಬಂದಿದ್ದನ್ನು ಕಂಡು ಯಾರೋ ‘ಅನಾಥರ ಹಾಗೆ ಕಾಣುತ್ತಾರೆ’ ಎಂದರಂತೆ. ಅಂಗಿ ಹೊಸದಾಯಿತು, ಮಾತು ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಯಾರೋ ಎಂದೋ ಕರೆದ ಅಡ್ಡಹೆಸರು ಮೂರನೆಯ ತಲೆಮಾರಿನ ಹೊತ್ತಿಗೆ ಮನೆತನದ ಹೆಸರೇ ಆಗಿಬಿಡುವುದಿಲ್ಲವೇ, ಇದೂ ಹಾಗೆಯೇ.

ದುಡಿಮೆಯಿಂದ ಬಂದ ಹೆಸರುಗಳು

ವಿಚಿತ್ರವೆನಿಸುವ ಹೆಸರುಗಳಲ್ಲಿ ಬಹಳಷ್ಟು ಈ ಬಗೆಯವು. ಕರ್ನಾಟಕದ ಕ್ರಿಕೆಟ್ ಲೀಗಿನಲ್ಲಿ ‘ಹುಬ್ಬಳ್ಳಿ ಟೈಗರ್ಸ್’, ‘ಬಿಜಾಪುರ ಬುಲ್ಸ್’ ಎಂಬ ತಂಡಗಳಿದ್ದವು. ಹುಲಿಯನ್ನು ಹುಬ್ಬಳ್ಳಿಯಿಂದ ತೆಗೆದು ಬೇರೆ ಯಾವ ಊರಿಗೆ ಕೊಟ್ಟರೂ ಹೊಂದುತ್ತದೆ. ಅದರ ಬದಲು ಬ್ಯಾಡಗಿಯ ತಂಡ ‘ಮೆಣಸಿನಕಾಯಿಗಳು’ ಎಂದೂ ಚನ್ನಪಟ್ಟಣದ ತಂಡ ‘ಗೊಂಬೆ ಮಾಡುವವರು’ ಎಂದೂ ಕರೆದುಕೊಂಡಿದ್ದರೆ, ಆ ಹೆಸರನ್ನು ಇನ್ನೊಂದು ಊರು ಕದಿಯಲು ಆಗುತ್ತಿರಲಿಲ್ಲ. ಅಮೆರಿಕದ ಹಲವು ಸಣ್ಣ ಊರುಗಳು ಮಾಡಿರುವುದು ಇದನ್ನೇ.

ವಾಷಿಂಗ್ಟನ್ ರಾಜ್ಯದ ಕ್ಯಾಮಸ್ ಊರನ್ನು ನೋಡಿ. ಕೊಲಂಬಿಯಾ ನದಿಯ ದಂಡೆಯ ಈ ಊರು 1880ರ ದಶಕದಲ್ಲಿ ಒಂದು ಕಾಗದ ಕಾರ್ಖಾನೆಯ ಸುತ್ತ ಬೆಳೆಯಿತು. ಹತ್ತಿರದ ಪೋರ್ಟ್‌ಲೆಂಡ್ ನಗರದ ದಿನಪತ್ರಿಕೆಗೆ ಮುದ್ರಣ ಕಾಗದ ಒದಗಿಸುವುದು ಅದರ ಮೊದಲ ಉದ್ದೇಶವಾಗಿತ್ತು. ದಾಂಡೇಲಿಯಲ್ಲಿ ಅಥವಾ ಹಿಂದಿನ ಭದ್ರಾವತಿಯಲ್ಲಿ ಬೆಳೆದವರಿಗೆ ಕಾಗದ ಕಾರ್ಖಾನೆಯ ಊರೆಂದರೆ ಏನೆಂದು ವಿವರಿಸಬೇಕಿಲ್ಲ: ಪಾಳಿಯ ಸೈರನ್ನು, ಗಾಳಿ ತಿರುಗಿದಾಗ ಮನೆಯೊಳಕ್ಕೂ ನುಗ್ಗುವ ಆ ಬೇಯಿಸಿದ ಕೋಸಿನಂಥ ವಾಸನೆ, ಮನೆಗೊಬ್ಬರಂತೆ ಕಾರ್ಖಾನೆಯ ನೌಕರರು. ಕ್ಯಾಮಸ್ ಹೈಸ್ಕೂಲಿನ ತಂಡ ‘ಪೇಪರ್‌ಮೇಕರ್ಸ್’ ಆದದ್ದು ಹೀಗೆ. ಅದರ ಮ್ಯಾಸ್ಕಾಟ್ ಮನುಷ್ಯನೂ ಅಲ್ಲ, ಪ್ರಾಣಿಯೂ ಅಲ್ಲ. ಕೈಕಾಲು ಮೂಡಿದ ಒಂದು ಕಾಗದ ಸುತ್ತುವ ಯಂತ್ರ. 2018ರಲ್ಲಿ ಕಾರ್ಖಾನೆಯ ಬಹುಭಾಗ ನಿಂತು ನೂರಾರು ಜನ ಕೆಲಸ ಕಳೆದುಕೊಂಡರು. ಇಂದು ಆ ಊರಿನಲ್ಲಿ ನೆಲೆಸಿರುವವರಲ್ಲಿ ಪೋರ್ಟ್‌ಲೆಂಡ್ ಸುತ್ತಮುತ್ತಲಿನ ಕಂಪನಿಗಳ ಉದ್ಯೋಗಿಗಳು ಬಹಳ. ಕಾಗದವನ್ನು ಪ್ರಿಂಟರಿಗೆ ತುಂಬುವುದಷ್ಟೇ ಗೊತ್ತಿರುವ ಮನೆಯ ಮಕ್ಕಳೂ ಆಟಕ್ಕೆ ಇಳಿದಾಗ ಕಾಗದ ಮಾಡುವವರೇ.

ಯೂಟಾ ರಾಜ್ಯದ ಸ್ಯಾಂಡಿ ಪಟ್ಟಣದ ಜೋರ್ಡನ್ ಹೈಸ್ಕೂಲಿನವರು ‘ಬೀಟ್‌ಡಿಗರ್ಸ್’, ಬೀಟ್ ಅಗೆಯುವವರು. ಇಲ್ಲಿ ಬೀಟ್ ಎಂದರೆ ನಾವು ಪಲ್ಯಕ್ಕೆ ಹಾಕುವ ಕೆಂಪು ಬೀಟ್‌ರೂಟ್ ಅಲ್ಲ, ಅದೇ ಜಾತಿಯ ಬಿಳಿಯ, ದಪ್ಪ ಮೂಲಂಗಿಯಂಥ ಸಕ್ಕರೆ ಬೀಟ್. ಕಬ್ಬು ಬೆಳೆಯದ ಚಳಿಯ ನಾಡುಗಳಲ್ಲಿ ಸಕ್ಕರೆ ತೆಗೆಯುವುದು ಇದರಿಂದ. ಯಂತ್ರಗಳು ಬರುವ ಮೊದಲು ಇದರ ಕಟಾವು ಸೊಂಟ ಮುರಿಯುವ ಕೆಲಸವಾಗಿತ್ತು. ಕುದುರೆಯ ನೇಗಿಲು ಗಡ್ಡೆಗಳನ್ನು ಸಡಿಲಿಸಿಕೊಂಡು ಹೋದ ಮೇಲೆ, ತುದಿಯಲ್ಲಿ ಕೊಕ್ಕೆಯಿದ್ದ ಉದ್ದ ಕತ್ತಿಯಿಂದ ಆಳು ಒಂದೊಂದೇ ಗಡ್ಡೆಯನ್ನು ಕುಕ್ಕಿ ಎತ್ತಿ, ಇನ್ನೊಂದು ಕೈಯಲ್ಲಿ ಹಿಡಿದು, ಸೊಪ್ಪಿನ ತಲೆಯನ್ನು ಒಂದೇ ಏಟಿಗೆ ಕತ್ತರಿಸಿ ರಾಶಿಗೆ ಎಸೆಯಬೇಕಿತ್ತು. ಮಂಜು ಬೀಳುವ ಮೊದಲು ಮುಗಿಯಬೇಕಾದ್ದರಿಂದ ಶರತ್ಕಾಲದಲ್ಲಿ ಶಾಲೆಗೆ ರಜೆ ಕೊಟ್ಟು ಮಕ್ಕಳನ್ನೂ ಹೊಲಕ್ಕೆ ಕಳುಹಿಸುತ್ತಿದ್ದರು. ಮಂಡ್ಯದ ಶಾಲೆಯೊಂದರ ಕಬಡ್ಡಿ ತಂಡ ‘ಕಬ್ಬು ಕಡಿಯುವವರು’ ಎಂದು ಕರೆದುಕೊಂಡಂತೆ ಇದು. ಸ್ಯಾಂಡಿ ಈಗ ಸಾಲ್ಟ್ ಲೇಕ್ ನಗರಕ್ಕೆ ಅಂಟಿಕೊಂಡ ಬಡಾವಣೆ. ಆ ಸೀಮೆಯ ಸಕ್ಕರೆ ಕಾರ್ಖಾನೆಗಳು ಮುಚ್ಚಿ ದಶಕಗಳಾಗಿವೆ.

ಎಲ್ಲ ಕಡೆಯೂ ದುಡಿಮೆ ಹೋಗಿಲ್ಲ. ಐಡಹೊ ರಾಜ್ಯದ ಶೆಲ್ಲಿ ಹೈಸ್ಕೂಲಿನ ತಂಡ ‘ರಸೆಟ್ಸ್’. ರಸೆಟ್ ಎಂದರೆ ಕಂದು ಬಣ್ಣದ ಒರಟು ಸಿಪ್ಪೆಯ ಆಲೂಗಡ್ಡೆ. ಅಲ್ಲಿ ಇಂದಿಗೂ ಆಲೂಗಡ್ಡೆ ಕೀಳುವ ಕಾಲಕ್ಕೆ ಶಾಲೆಗೆ ಸುಗ್ಗಿಯ ರಜೆ ಇದೆ.

ಜಾರ್ಜಿಯ ರಾಜ್ಯದ ಕೇರೊ ಊರಿನ ಹೆಸರನ್ನು ಬರೆಯುವುದು ಈಜಿಪ್ಟಿನ ಕೈರೊ ಹಾಗೆ, ಉಚ್ಚರಿಸುವುದು ಕೇರೊ ಎಂದು. ಅಲ್ಲಿನ ಹೈಸ್ಕೂಲ್ ತಂಡ ‘ಸಿರಪ್‌ಮೇಕರ್ಸ್’. ಇಂಗ್ಲಿಷಿನಲ್ಲಿ ಇದನ್ನು ಓದಿದವರಿಗೆ ಕೆಮ್ಮಿನ ಔಷಧ ನೆನಪಾಗಬಹುದು, ಆದರೆ ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದವಿದೆ: ಜೋನಿಬೆಲ್ಲ. ಕಬ್ಬಿನ ರಸವನ್ನು ಅಗಲವಾದ ಕೊಪ್ಪರಿಗೆಯಲ್ಲಿ ಕುದಿಸಿ, ಮೇಲೆ ಬರುವ ನೊರೆಯನ್ನು ತೆಗೆಯುತ್ತ, ಅಚ್ಚಿಗೆ ಸುರಿಯುವಷ್ಟು ಗಟ್ಟಿಯಾಗುವ ಮೊದಲೇ ಇಳಿಸಿದರೆ ಸಿಗುವ ಪಾಕವೇ ಅದು. ಆ ಊರಿನಲ್ಲಿ ಕಬ್ಬಿನ ಸಿರಪ್ ತಯಾರಿಕೆ ದೊಡ್ಡ ಉದ್ಯಮವಾಗಿತ್ತು. ಮಲೆನಾಡಿನ ಆಲೆಮನೆ ಕಂಡವರಿಗೆ ಆ ತಂಡದ ಹೆಸರು ಅಮೆರಿಕದ ಇತರ ರಾಜ್ಯಗಳವರಿಗಿಂತ ಬೇಗ ಅರ್ಥವಾದೀತು.

ಇನ್ನುಳಿದವನ್ನು ಬೇಗ ನೋಡಿಬಿಡಬಹುದು. ಆರೆಗನ್ ರಾಜ್ಯದ ಟಿಲ್ಲಮುಕ್, ವಿಸ್ಕಾನ್ಸಿನ್ ರಾಜ್ಯದ ಮನ್ರೊ ಎರಡೂ ಹೈನುಗಾರಿಕೆಯ ಊರುಗಳು, ಎರಡರ ತಂಡಗಳೂ ‘ಚೀಸ್‌ಮೇಕರ್ಸ್’. ಇಲಿನಾಯ್‌ನ ಹೂಪ್‌ಸ್ಟನ್ ಮೆಕ್ಕೆಜೋಳವನ್ನು ಡಬ್ಬಿಗೆ ತುಂಬುವ ಊರು, ಅದರ ತಂಡ ‘ಕಾರ್ನ್‌ಜರ್ಕರ್ಸ್’: ದಂಟಿನಿಂದ ಮೆಕ್ಕೆಜೋಳದ ತೆನೆಯನ್ನು ಜಗ್ಗಿ ಕೀಳುವವರು. ಅದೇ ರಾಜ್ಯದ ಫ್ರೀಪೋರ್ಟಿನಲ್ಲಿ ಜರ್ಮನ್ ವಲಸಿಗರ ಬೇಕರಿಗಳಿದ್ದವು, ಆದ್ದರಿಂದ ಅಲ್ಲಿನವರು ‘ಪ್ರೆಟ್ಜೆಲ್ಸ್’. ಪ್ರೆಟ್ಜೆಲ್ ಎಂದರೆ ಗಂಟು ಹಾಕಿದಂತೆ ಹೊಸೆದು ಸುಟ್ಟ, ನಮ್ಮ ಕೋಡುಬಳೆಯ ದೂರದ ನಂಟನೆನ್ನಬಹುದಾದ ತಿನಿಸು. ಕಾರು ಓಟದ ಪಥವಿರುವ ಇಂಡಿಯಾನದ ಸ್ಪೀಡ್‌ವೇ ಪಟ್ಟಣದ ತಂಡ ‘ಸ್ಪಾರ್ಕ್‌ಪ್ಲಗ್ಸ್’. ಸ್ಕೂಟರು ಕೆಟ್ಟು ನಿಂತಾಗ ನಾವು ಬಿಚ್ಚಿ ಒರೆಸುವ ಅದೇ ಪ್ಲಗ್ಗು.

ಬೈಗುಳ ಬಿರುದಾದ ಬಗೆ

ಇನ್ನು ‘ಕ್ರಿಮಿನಲ್ಸ್’. ಅರಿಜೋನ ರಾಜ್ಯದ ಯೂಮ ಪಟ್ಟಣ ಕೊಲರಾಡೊ ನದಿಯ ದಂಡೆಯಲ್ಲಿ, ಮರುಭೂಮಿಯ ನಡುವೆ ಇದೆ. 1876ರ ಜುಲೈನಲ್ಲಿ ಅಲ್ಲಿ ಪ್ರಾಂತ್ಯದ ಸೆರೆಮನೆ ಆರಂಭವಾಯಿತು. ಮೊದಲ ಏಳು ಮಂದಿ ಕೈದಿಗಳನ್ನು ಕೂಡಿಹಾಕಿದ್ದು ಅವರೇ ಕಟ್ಟಿದ ಕೋಣೆಗಳಲ್ಲಿ. ಮುಂದಿನ 33 ವರ್ಷಗಳಲ್ಲಿ 29 ಹೆಂಗಸರೂ ಸೇರಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ಆ ಗೋಡೆಗಳ ಒಳಗೆ ಶಿಕ್ಷೆ ಅನುಭವಿಸಿದರು. ಜಾಗ ಸಾಲದೆ 1909ರಲ್ಲಿ ಕೈದಿಗಳನ್ನು ಬೇರೆಡೆಗೆ ಸಾಗಿಸಿ ಸೆರೆಮನೆಯನ್ನು ಮುಚ್ಚಲಾಯಿತು.

ಮರುವರ್ಷ ಊರಿನ ಶಾಲೆ ಬೆಂಕಿಗೆ ಆಹುತಿಯಾಯಿತು. ಖಾಲಿ ಬಿದ್ದಿದ್ದ ದೊಡ್ಡ ಕಟ್ಟಡವೆಂದರೆ ಸೆರೆಮನೆಯೊಂದೇ. 1910ರಿಂದ 1914ರವರೆಗೆ ಯೂಮದ ಹೈಸ್ಕೂಲ್ ನಡೆದದ್ದು ಅಲ್ಲೇ. ಆ ದಿನಗಳಲ್ಲಿ ಯೂಮದ ಫುಟ್ಬಾಲ್ ತಂಡ, ಯಾರೂ ನಿರೀಕ್ಷಿಸದ ಹಾಗೆ, ರಾಜಧಾನಿ ಫೀನಿಕ್ಸಿನ ತಂಡವನ್ನು ಸೋಲಿಸಿತು. ಸೋತ ಸಿಟ್ಟಿಗೆ ಫೀನಿಕ್ಸಿನವರು ‘ಇವರು ಅಪರಾಧಿಗಳು’ ಎಂದು ಮೂದಲಿಸಿದರು. ಜೈಲಿನಿಂದ ಬಂದ ಹುಡುಗರಿಗೆ ಆ ಬೈಗುಳ ಎಷ್ಟು ಸುಲಭವಾಗಿ ಹೊಳೆದಿರಬೇಕೆಂದು ಊಹಿಸಬಹುದು. ಯೂಮದವರು ಸಿಟ್ಟಾಗಲಿಲ್ಲ, ಆ ಹೆಸರನ್ನೇ ತಮ್ಮದಾಗಿಸಿಕೊಂಡರು. ಇಂದಿಗೂ ತಂಡ ‘ಕ್ರಿಮಿನಲ್ಸ್’, ಪ್ರೀತಿಯಿಂದ ‘ಕ್ರಿಮ್ಸ್’. ಶಾಲೆಯ ಲಾಂಛನ ಒಬ್ಬ ಗಡುಸು ಮುಖದ ಕೈದಿ. ಶಾಲೆಯ ಅಂಗಿ ಟೋಪಿಗಳನ್ನು ಮಾರುವ ಅಂಗಡಿಯ ಹೆಸರು ‘ಸೆಲ್ ಬ್ಲಾಕ್’, ಅಂದರೆ ಜೈಲಿನ ಕೋಣೆಗಳ ಸಾಲು. ಹಳೆಯ ಸೆರೆಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಹಂಗಿಸಿದವರ ಮಾತನ್ನೇ ಹೆಗಲ ಮೇಲೆ ಹಾಕಿಕೊಂಡರೆ ಹಂಗಿಸುವವರಿಗೆ ಮತ್ತೆ ಆಡಲು ಏನೂ ಉಳಿಯುವುದಿಲ್ಲ. ಇಂಥ ಹೆಸರುಗಳು ಅಂಟುವುದು ಈ ಲೆಕ್ಕಾಚಾರದಿಂದ. ಆದರೆ ಹೆಸರನ್ನು ಯಾರ ಮೇಲೆ ಎಸೆದರೋ ಅವರೇ ಅದನ್ನು ಎತ್ತಿಕೊಂಡಿರಬೇಕು ಎಂಬುದನ್ನು ಇಲ್ಲಿ ಗಮನದಲ್ಲಿಡಬೇಕು. ಇನ್ನೊಬ್ಬರ ಮೇಲೆ ಎಸೆದದ್ದನ್ನು ಎತ್ತಿಕೊಂಡಾಗ ಏನಾಯಿತು ಎಂಬುದು ಮುಂದೆ ಬರುತ್ತದೆ.

ಊರ ಹೆಸರಿನ ಮೇಲೆ ಚೇಷ್ಟೆ

ಕೆಲವು ಹೆಸರುಗಳಿಗೆ ಇತಿಹಾಸ ಹುಡುಕಬೇಕಿಲ್ಲ, ಗಟ್ಟಿಯಾಗಿ ಓದಿದರೆ ಸಾಕು. ವೆಸ್ಟ್ ವರ್ಜೀನಿಯ ರಾಜ್ಯದ ಪೋಕ ಊರಿನ ತಂಡ ‘ಡಾಟ್ಸ್’, ಅಂದರೆ ಚುಕ್ಕಿಗಳು. ‘ಪೋಕ ಡಾಟ್ಸ್’ ಎಂದು ಒಟ್ಟಿಗೆ ಹೇಳಿದರೆ ಬೊಟ್ಟುಬೊಟ್ಟಿನ ಬಟ್ಟೆಗೆ ಇಂಗ್ಲಿಷಿನಲ್ಲಿರುವ ‘ಪೋಲ್ಕ ಡಾಟ್ಸ್’ ಎಂಬ ಹೆಸರೇ ಕೇಳಿಸುತ್ತದೆ. ಇಂಡಿಯಾನದ ಫ್ರಾಂಕ್‌ಫರ್ಟ್ ಊರಿನ ತಂಡ ‘ಹಾಟ್ ಡಾಗ್ಸ್’, ಏಕೆಂದರೆ ಬನ್ನಿನ ನಡುವೆ ಇಡುವ ಆ ಸಾಸೇಜಿಗೆ ಇನ್ನೊಂದು ಹೆಸರು ಫ್ರಾಂಕ್‌ಫರ್ಟರ್. ಇಲಿನಾಯ್‌ನ ಪೋಲೊ ಊರಿನವರು ‘ಮಾರ್ಕೋಸ್’. ಎರಡನ್ನೂ ತಿರುಗಿಸಿ ಹೇಳಿದರೆ ವೆನಿಸ್ಸಿನ ಯಾತ್ರಿಕ ಸಿಗುತ್ತಾನೆ. ಮೊಂಟಾನದ ಬೆಲ್ಫ್ರಿ ಊರಿನ ತಂಡ ‘ಬ್ಯಾಟ್ಸ್’, ಬಾವಲಿಗಳು. ಬೆಲ್ಫ್ರಿ ಎಂದರೆ ಗಂಟೆಗೋಪುರ. ‘ಅವನ ಗಂಟೆಗೋಪುರದಲ್ಲಿ ಬಾವಲಿಗಳಿವೆ’ ಎಂದು ಇಂಗ್ಲಿಷಿನವರು ಹೇಳಿದರೆ ನಾವು ‘ಅವನಿಗೆ ಒಂದು ಸುತ್ತು ಕಡಿಮೆ’ ಎಂದ ಹಾಗೆ.

ಹೆಸರು ಅಲ್ಲೇ ಇದ್ದು ಅರ್ಥ ಕಾಲು ಕಿತ್ತ ಉದಾಹರಣೆಯೂ ಇದೆ. ಮಿಶಿಗನ್ ರಾಜ್ಯದ ಕಾಡುಸೀಮೆಯ ವಾಟರ್ಸ್‌ಮೀಟ್ ಊರಿನ ತಂಡ ‘ನಿಮ್ರಾಡ್ಸ್’. ನಿಮ್ರೋದ ಬೈಬಲಿನಲ್ಲಿ ಬರುವ ಮಹಾ ಬೇಟೆಗಾರ. ಬೇಟೆಯಾಡುವ ಸೀಮೆಗೆ ತಕ್ಕ ಗಂಭೀರವಾದ ಹೆಸರೇ ಅದು. ಆದರೆ ಕಾಲಕ್ರಮದಲ್ಲಿ ಅಮೆರಿಕದ ಆಡುಮಾತಿನಲ್ಲಿ ‘ನಿಮ್ರಾಡ್’ ಎಂದರೆ ಪೆದ್ದ ಎಂಬ ಅರ್ಥ ಬಂದುಬಿಟ್ಟಿತು. ಊರಿನವರು ಹೆಸರು ಬಿಡಲಿಲ್ಲ. ಈ ಶತಮಾನದ ಆರಂಭದಲ್ಲಿ ಕ್ರೀಡಾ ವಾಹಿನಿಯೊಂದು ಆ ತಂಡವನ್ನು ಜಾಹೀರಾತಿನಲ್ಲಿ ತೋರಿಸಿದ ಮೇಲೆ ದೇಶವೇ ಅವರನ್ನು ಗುರುತಿಸಿತು.

ಇಲ್ಲದ ಪ್ರಾಣಿ, ಇದ್ದ ನೀರಾನೆ

ವಿಸ್ಕಾನ್ಸಿನ್ ರಾಜ್ಯದ ರೈನ್‌ಲ್ಯಾಂಡರ್ ಊರಿನ ತಂಡ ‘ಹೋಡಗ್ಸ್’. ಹೋಡಗ್ ಎಂಬ ಪ್ರಾಣಿ ಜಗತ್ತಿನಲ್ಲಿ ಇಲ್ಲ, ಎಂದೂ ಇರಲಿಲ್ಲ. ಮರ ಕಡಿಯುವವರ ಆ ಊರಿನಲ್ಲಿ ಯೂಜೀನ್ ಶೆಪರ್ಡ್ ಎಂಬ ಕುಚೋದ್ಯದ ಮನುಷ್ಯನಿದ್ದ. ಕಾಡಿನಲ್ಲಿ ಎಷ್ಟು ಮರವಿದೆಯೆಂದು ಅಂದಾಜು ಮಾಡಿಕೊಡುವುದು ಅವನ ಕಸುಬು. 1893ರಲ್ಲಿ ಅವನು, ಬೆನ್ನ ಮೇಲೆ ಮುಳ್ಳುಗಳಿದ್ದ, ಕೊಂಬುಳ್ಳ, ಕಪ್ಪೆಯ ತಲೆಯ ಭಯಂಕರ ಪ್ರಾಣಿಯೊಂದನ್ನು ಸಿಡಿಮದ್ದು ಇಟ್ಟು ಕೊಂದೆವೆಂದು ಸುದ್ದಿ ಹಬ್ಬಿಸಿದ. ಅದು ತಿನ್ನುವುದು ಬಿಳಿಯ ಬುಲ್‌ಡಾಗ್ ನಾಯಿಗಳನ್ನು ಮಾತ್ರ, ಅದೂ ಭಾನುವಾರ ಮಾತ್ರ ಎಂದು ಕಥೆಗೆ ಬಾಲವನ್ನೂ ಸೇರಿಸಿದರು. 1896ರಲ್ಲಿ ಜೀವಂತ ಹೋಡಗ್ ಸಿಕ್ಕಿದೆ ಎಂದು ಘೋಷಿಸಿ ಜಿಲ್ಲೆಯ ಜಾತ್ರೆಯಲ್ಲಿ ಅದನ್ನು ಪ್ರದರ್ಶನಕ್ಕಿಟ್ಟ. ಮಂದ ಬೆಳಕಿನ ಡೇರೆಯಲ್ಲಿ, ದೂರದಿಂದ, ಕಾಸು ಕೊಟ್ಟು ನೋಡಬೇಕು. ಒಳಗಿದ್ದದ್ದು ಎತ್ತಿನ ಚರ್ಮ ಹೊದಿಸಿ ಕೊಂಬು ಸಿಕ್ಕಿಸಿದ ಮರದ ಬೊಂಬೆ. ತಂತಿ ಎಳೆದಾಗ ಅದು ಅಲುಗಾಡುತ್ತಿತ್ತು, ನೋಡುತ್ತಿದ್ದವರು ಹೊರಗೆ ಓಡುತ್ತಿದ್ದರು. ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷೆಗೆ ಬರಲಿದ್ದಾರೆ ಎಂಬ ಸುದ್ದಿ ಬಂದಾಗ ಶೆಪರ್ಡ್ ಗುಟ್ಟು ಬಿಟ್ಟುಕೊಟ್ಟ. ಸುಳ್ಳೆಂದು ಗೊತ್ತಾದ ಮೇಲೆ ಹೋಡಗ್ ಊರಿಗೆ ಇನ್ನಷ್ಟು ಹತ್ತಿರವಾಯಿತು. ಇಂದು ಅದು ಅಲ್ಲಿನ ಅಧಿಕೃತ ಗುರುತು.

ಟೆಕ್ಸಸ್‌ನ ಹಟ್ಟೊ ಊರಿನ ತಂಡ ‘ಹಿಪ್ಪೋಸ್’. 1915ರಲ್ಲಿ ಅಲ್ಲಿ ನಿಂತ ಸರ್ಕಸ್ ರೈಲಿನಿಂದ ನೀರಾನೆಯೊಂದು ತಪ್ಪಿಸಿಕೊಂಡು ಹತ್ತಿರದ ಹಳ್ಳದ ಕೆಸರಿಗೆ ಇಳಿದು, ಮೇಲೆ ಬರಲು ಒಪ್ಪದೆ ಎಲ್ಲರನ್ನೂ ಕಾಯಿಸಿತೆಂದು ಊರಿನವರು ಹೇಳುತ್ತಾರೆ. ಅಲ್ಲಿನ ಬೀದಿಗಳಲ್ಲಿ ಈಗ ಹೆಜ್ಜೆಗೊಂದು ಸಿಮೆಂಟಿನ ನೀರಾನೆ ಎದುರಾಗುತ್ತದೆ.

ಹೆಸರು ನೋಯಿಸಿದಾಗ

1964ರಲ್ಲಿ ಇಲಿನಾಯ್ ರಾಜ್ಯದ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಫೈನಲ್ಲಿನಲ್ಲಿ ಎರಡು ವಿಚಿತ್ರ ಹೆಸರಿನ ತಂಡಗಳು ಎದುರಾದವು. ಒಂದು ಕೋಬ್ಡನ್ ಊರಿನ ‘ಆ್ಯಪಲ್‌ನಾಕರ್ಸ್’, ಸೇಬು ಉದುರಿಸುವವರು. ಸೇಬಿನ ತೋಟಗಳ ಆ ಊರಿನ ಶಾಲೆಯಲ್ಲಿ ಇದ್ದದ್ದು ಒಂದೂವರೆ ನೂರರ ಆಸುಪಾಸು ಮಕ್ಕಳು. ಶಾಲೆಗಳನ್ನು ಗಾತ್ರದ ಪ್ರಕಾರ ವಿಂಗಡಿಸುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ ಅದು ದೊಡ್ಡ ದೊಡ್ಡ ಶಾಲೆಗಳನ್ನು ದಾಟಿ ಬಂದಿತ್ತು. ಎದುರಿಗೆ ಪೀಕಿನ್ ಪಟ್ಟಣದ ತಂಡ. ಬೀಜಿಂಗಿನ ಹಳೆಯ ಹೆಸರಿನಿಂದ ಕರೆಯಲಾದ ಆ ಪಟ್ಟಣದ ತಂಡಕ್ಕೆ ‘ಚಿಂಕ್ಸ್’ ಎಂದು ಹೆಸರಿತ್ತು. ಅದು ಚೀನೀಯರನ್ನು ಹೀಯಾಳಿಸುವ ಪದ. ತಂಡ ಅಂಕ ಗಳಿಸಿದಾಗಲೆಲ್ಲ ಚೀನೀ ಉಡುಪು ತೊಟ್ಟ ವಿದ್ಯಾರ್ಥಿಗಳು ಜಾಗಟೆ ಬಾರಿಸುತ್ತಿದ್ದರು. ಆ ಫೈನಲ್ಲನ್ನು ಪೀಕಿನ್ 50–45ರಿಂದ ಗೆದ್ದಿತು.

ಹತ್ತು ವರ್ಷದ ನಂತರ ಚೀನೀ ಮೂಲದ ಅಮೆರಿಕನ್ನರ ಗುಂಪೊಂದು ಬಂದು ಹೆಸರು ಬದಲಿಸಲು ಕೇಳಿತು. ವಿದ್ಯಾರ್ಥಿಗಳು ಮತ ಹಾಕಿ ಬೇಡವೆಂದರು. ಕೊನೆಗೆ 1980ರಲ್ಲಿ ಆಡಳಿತವೇ ನಿರ್ಧರಿಸಿ ತಂಡವನ್ನು ‘ಡ್ರ್ಯಾಗನ್ಸ್’ ಎಂದು ಕರೆಯಿತು. ಕೋಬ್ಡನ್ನಿನವರು ಇಂದಿಗೂ ಸೇಬು ಉದುರಿಸುವವರೇ. ‘ಆ್ಯಪಲ್‌ನಾಕರ್’ ಎಂಬುದಕ್ಕೂ ಹಳ್ಳಿಗಮಾರ ಎಂಬ ಹೀನಾರ್ಥವಿದೆ, ಆದರೆ ಅದನ್ನು ಹೊತ್ತವರು ಆ ಹಳ್ಳಿಯವರೇ. ಪೀಕಿನ್ನಿನಲ್ಲಿ ಹಾಗಿರಲಿಲ್ಲ.

ಕ್ಯಾಲಿಫೋರ್ನಿಯದ ಕೋಚೆಲ್ಲ ಕಣಿವೆಯದು ನಡುದಾರಿಯ ಕಥೆ. ಅಲ್ಲಿನ ಬಿಸಿಲಿಗೆ ಹೊಂದುವ ಬೆಳೆಯೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕ ಮತ್ತು ಅರಬ್ ನಾಡುಗಳಿಂದ ಖರ್ಜೂರದ ಸಸಿಗಳನ್ನು ತರಿಸಿದರು. ಜೊತೆಗೆ ಅರಬ್ ಹೆಸರುಗಳೂ ಬಂದವು. ಕಣಿವೆಯಲ್ಲಿ ಮೆಕ್ಕ ಎಂಬ ಊರೇ ಇದೆ. ಹೈಸ್ಕೂಲ್ ತಂಡ ‘ಅರಬ್ಸ್’ ಆಯಿತು, ಅದರ ಮ್ಯಾಸ್ಕಾಟ್ ಕೊಕ್ಕೆ ಮೂಗಿನ, ಹಲ್ಲು ಕಡಿಯುವ ಒಬ್ಬ ಗಡ್ಡಧಾರಿ. 2013ರಲ್ಲಿ ಅರಬ್ ಅಮೆರಿಕನ್ನರ ಸಂಘಟನೆ ಆಕ್ಷೇಪಿಸಿತು. ಮಾತುಕತೆಯ ನಂತರ, 2014ರಲ್ಲಿ, ಹೆಸರು ‘ಮೈಟಿ ಅರಬ್ಸ್’ ಆಯಿತು, ಚಿತ್ರ ಗಂಭೀರ ಮುಖದ್ದಾಯಿತು.

ಎಲ್ಲಕ್ಕಿಂತ ಜಟಿಲವಾದದ್ದು ವಾಷಿಂಗ್ಟನ್ ರಾಜ್ಯದ ರಿಚ್‌ಲ್ಯಾಂಡ್ ಹೈಸ್ಕೂಲಿನ ‘ಬಾಂಬರ್ಸ್’. ಎರಡನೆಯ ಮಹಾಯುದ್ಧದಲ್ಲಿ ಹ್ಯಾನ್‌ಫರ್ಡ್ ಎಂಬಲ್ಲಿ ಪ್ಲುಟೋನಿಯಂ ತಯಾರಿಸಿದವರ ವಸತಿಯಾಗಿ ಬೆಳೆದ ಊರು ಅದು. 1945ರ ಆಗಸ್ಟ್ 9ರಂದು ನಾಗಾ‌ಸಾಕಿಯ ಮೇಲೆ ಬಿದ್ದ ಬಾಂಬಿನಲ್ಲಿದ್ದದ್ದು ಅಲ್ಲಿನ ಪ್ಲುಟೋನಿಯಂ. ತಂಡ ‘ಬಾಂಬರ್ಸ್’ ಎಂದು ಹೆಸರು ಬದಲಿಸಿದ್ದೂ 1945ರಲ್ಲೇ. ಹೆಸರು ಬಾಂಬಿನಿಂದ ಬಂದದ್ದಲ್ಲ, 1944ರಲ್ಲಿ ಕಾರ್ಮಿಕರು ತಲಾ ಒಂದು ದಿನದ ಸಂಬಳ ಕೂಡಿಸಿ ಸೇನೆಗೆ ಕೊಡಿಸಿದ ‘ಡೇಸ್ ಪೇ’ ಎಂಬ ಬಾಂಬರ್ ವಿಮಾನದಿಂದ ಬಂದದ್ದು ಎಂದು ಕೆಲವರು ವಾದಿಸುತ್ತಾರೆ. ಆದರೆ ಶಾಲೆಯ ಲಾಂಛನವಾಗಿ ಪ್ರಸಿದ್ಧವಾದದ್ದು ಅಣುಬಾಂಬಿನ ಅಣಬೆ ಮೋಡ. 2019ರಲ್ಲಿ ಆ ಶಾಲೆಯಲ್ಲಿ ಒಂದು ವರ್ಷ ಓದಲು ಬಂದಿದ್ದ, ಜಪಾನಿನ ಫುಕುಓಕ ಪ್ರಾಂತ್ಯದ ವಿದ್ಯಾರ್ಥಿನಿಯೊಬ್ಬಳು ಶಾಲೆಯ ವಿಡಿಯೊದಲ್ಲಿ ಆ ಮೋಡ ತನಗೆ ಏನಾಗಿ ಕಾಣುತ್ತದೆಂದು ತನ್ನ ಸಹಪಾಠಿಗಳಿಗೆ ಹೇಳಿದಳು. ಆ ದಿನ ಬಾಂಬಿನ ಮೊದಲ ಗುರಿಯಾಗಿದ್ದ ಕೊಕುರ ನಗರ ಇರುವುದು ಅದೇ ಪ್ರಾಂತ್ಯದಲ್ಲಿ. ಮೋಡ ಮತ್ತು ಹೊಗೆ ಕವಿದಿದ್ದರಿಂದಲೇ ವಿಮಾನ ನಾಗಾಸಾಕಿಯತ್ತ ತಿರುಗಿತ್ತು.

ಮೂಲನಿವಾಸಿಗಳ ಹೆಸರುಗಳದು ಇನ್ನೂ ವಿಸ್ತಾರವಾದ ಪ್ರಕರಣ. ‘ಇಂಡಿಯನ್ಸ್’, ‘ಬ್ರೇವ್ಸ್’ ಮುಂತಾದ ಹೆಸರುಗಳು ನೂರಾರು ಶಾಲೆಗಳಲ್ಲಿವೆ. ಇಲ್ಲಿ ಇಂಡಿಯನ್ ಎಂದರೆ ನಾವಲ್ಲ ಎಂದು ಮೊಮ್ಮಕ್ಕಳು ವಿವರಿಸಬೇಕಾದ ಸಂದರ್ಭವೂ ಬರಬಹುದು. 2019ರಲ್ಲಿ ಮೇನ್ ರಾಜ್ಯ ಸಾರ್ವಜನಿಕ ಶಾಲೆಗಳಲ್ಲಿ ಇಂಥ ಹೆಸರುಗಳನ್ನು ಕಾನೂನಿನ ಮೂಲಕ ನಿಷೇಧಿಸಿದ ಮೊದಲ ರಾಜ್ಯವಾಯಿತು. ಕಾನೂನಿಲ್ಲದ ಕಡೆ ನಿರ್ಧಾರ ಸ್ಥಳೀಯ ಶಾಲಾ ಮಂಡಳಿಯದು.

ಹುಡುಗಿಯರ ತಂಡ, ಹೊಸ ಶಾಲೆ

ಈ ಹೆಸರುಗಳು ಹುಟ್ಟಿದ ಕಾಲದಲ್ಲಿ ಆಡುತ್ತಿದ್ದವರು ಹೆಚ್ಚಾಗಿ ಹುಡುಗರು. ಶಿಕ್ಷಣದಲ್ಲಿ ಲಿಂಗಭೇದ ಮಾಡಬಾರದೆಂಬ 1972ರ ಕಾನೂನಿನ ನಂತರ ಹುಡುಗಿಯರ ತಂಡಗಳು ಬೆಳೆದಾಗ ಅವರನ್ನು ಏನೆಂದು ಕರೆಯುವುದೆಂಬ ಪ್ರಶ್ನೆ ಎದ್ದಿತು. ಬಹಳಷ್ಟು ಕಡೆ ಹೆಸರಿನ ಮುಂದೆ ‘ಲೇಡಿ’ ಸೇರಿಸಿ ಕೈತೊಳೆದುಕೊಂಡರು. ಕೇರೊದ ಹುಡುಗಿಯರು ‘ಸಿರಪ್‌ಮೇಡ್ಸ್’ ಆದರು, ಸೆಂಟ್ರೇಲಿಯದವರು ‘ಆರ್ಫನ್ ಆ್ಯನೀಸ್’. ಅನಾಥ ಆ್ಯನಿ ಅಮೆರಿಕದ ಪತ್ರಿಕೆಗಳ ಹಳೆಯ ಚಿತ್ರಕಥೆಯೊಂದರ ಹುಡುಗಿ.

ಊರು ಬೆಳೆದು ಎರಡನೆಯ ಹೈಸ್ಕೂಲ್ ಬಂದಾಗ ಇನ್ನೊಂದು ಪೇಚು. ಮಿಶಿಗನ್‌ನ ಜೀಲೆಂಡ್ ಕೋಳಿಮರಿ ಸಾಕಣೆಗೆ ಹೆಸರಾದ ಊರು. ಮೊಟ್ಟೆಯೊಡೆದು ಬಂದ ಮರಿ ಎರಡು ಮೂರು ದಿನ ತನ್ನೊಳಗಿನ ಹಳದಿಯ ಸಾರದಿಂದಲೇ ಬದುಕುವುದರಿಂದ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ದೂರಕ್ಕೆ ಕಳುಹಿಸಬಹುದು. 1918ರಿಂದ ಅಮೆರಿಕದ ಅಂಚೆಯವರು ಒಂದು ದಿನದ ಮರಿಗಳನ್ನು ಒಪ್ಪಿಕೊಳ್ಳತೊಡಗಿದ ಮೇಲೆ ಆ ವ್ಯಾಪಾರ ಬೆಳೆಯಿತು. ಜೀಲೆಂಡಿನ ತಂಡದ ಹೆಸರು ‘ಚಿಕ್ಸ್’, ಕೋಳಿಮರಿಗಳು. ಇಂಗ್ಲಿಷಿನಲ್ಲಿ ಅದರ ಕೊನೆಯ ಅಕ್ಷರ ಎಕ್ಸ್. ಈ ಶತಮಾನದ ಮೊದಲ ದಶಕದಲ್ಲಿ ಶಾಲೆ ಎರಡಾಯಿತು. ಪೂರ್ವದ ಶಾಲೆ ಕೋಳಿಮರಿಗಳನ್ನು ಉಳಿಸಿಕೊಂಡಿತು. ಪಶ್ಚಿಮದ ಹೊಸ ಶಾಲೆಗೆ ಬಾತುಕೋಳಿಗಳು ಬಂದವು: ‘ಡಕ್ಸ್’. ಅದರ ಕೊನೆಗೂ ಒಂದು ಎಕ್ಸ್ ಹಾಕಿದ್ದಾರೆ.